ಕಣ್ಣು ತೆರೆಸುವ ಕೆಲಸ

ಎರಡೂ ಒಂದೇ ಥರ ಇದ್ದವು. ಚೇತನಾ ಹೊಸದನ್ನು ಮುಟ್ಟದೆ ನಿಂತದ್ದು ಅದಕ್ಕೇ. ವಿಜಯನಗರದ ಆ ಅಂಗಡಿಯ ಗಾಜಿನ ಮೇಜಿನ ಮೇಲೆ ಅವಳ ಹಳೆಯ ಟ್ಯಾಬ್ಲೆಟ್ಟನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟಿದ್ದರು. ಅದೇ ಅಗಲ, ಅದೇ ಅಂಚು, ಅದೇ ಬಿಳಿ ಪೆನ್ನು. ಹಳೆಯದರ ಮೂಲೆಯಲ್ಲೊಂದು ಸಣ್ಣ ಬಿರುಕು, ಬೆನ್ನ ಮೇಲೆ ಅಡಿಗೆಯ ಕೈ ತಾಗಿದ ಅರಿಶಿನದ ಕಲೆ ಇರದಿದ್ದರೆ ಯಾವುದು ತನ್ನದೆಂದು ಅವಳಿಗೇ ಹೇಳಲು ಆಗುತ್ತಿರಲಿಲ್ಲ. ಹೊಸದು ಅಂದಮೇಲೆ ಹೊಸದಾಗಿ ಕಾಣಬೇಕು ತಾನೆ. ಒಂದು ಸ್ಟೀಲ್ ಡಬ್ಬ ತಂದರೂ ನಾಲ್ಕು ದಿನ ಅದು ಅಡಿಗೆಮನೆಯಲ್ಲಿ ಬೇರೆಯಾಗಿ ಹೊಳೆಯುತ್ತದೆ. ಇದು ಹಾಗಲ್ಲ. ಹಳೆಯದರ ಮೈಯೊಳಗೆ ಬೇರೆ ಯಾರೋ ಬಂದು ಕೂತ ಹಾಗಿತ್ತು.

"ಸುಳ್ಳ ಹೇಳಂಗಿಲ್ರಿ ಮೇಡಂ," ಎಂದ ಸೇಲ್ಸ್‌ನ ಶ್ರೀಶೈಲ. ಬಾಗಲಕೋಟೆ ಕಡೆಯವನು, ಮಾರುವ ಕೆಲಸಕ್ಕೆ ಬಂದೂ ಇನ್ನೂ ನಾಲಿಗೆಗೆ ಎಣ್ಣೆ ಹಚ್ಚಿಕೊಳ್ಳದವನು. "ಮೈಯೆಲ್ಲಾ ಹಳೇದ ಐತಿ. ಸ್ಕ್ರೀನ್ ಹಳೇದ, ಪೆನ್ನ ಹಳೇದ. ಒಳಗಿನ ಚಿಪ್ ಒಂದ ಹೊಸಾದು. ನಿಮಗ ಅದು ಬೇಕೋ ಬ್ಯಾಡೋ, ನೀವ ವಿಚಾರ ಮಾಡ್ರಿ."

ವಿಚಾರ ಮಾಡಿಯೇ ಅವಳ ತಲೆ ಹಣ್ಣಾಗಿತ್ತು. ಯೂಟ್ಯೂಬಿನಲ್ಲಿ ಈ ಟ್ಯಾಬ್ಲೆಟ್ಟಿನ ಬಗ್ಗೆ ಯಾರು ಯಾರು ಏನೇನು ಹೇಳಿದ್ದಾರೋ ಅದನ್ನೆಲ್ಲ ಬೇಳೆ ಬೇಯುವಾಗ, ಬಟ್ಟೆ ಒಣಹಾಕುವಾಗ ಕೇಳಿದ್ದಳು. ಎಲ್ಲರದ್ದೂ ಒಂದೇ ರಾಗ, ಹಳೆಯದು ಇರುವವರು ಹೊಸದಕ್ಕೆ ಹೋಗಬೇಡಿ, ವ್ಯತ್ಯಾಸ ನಿಮಗೆ ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಪೀಣ್ಯದ ಫ್ಯಾಕ್ಟರಿಗೆ ಹೊರಟ ಗಂಡ ಮಹೇಶ ಶೂ ಲೇಸು ಕಟ್ಟುತ್ತ ಅದನ್ನೇ ಹೇಳಿದ್ದ. "ಬಾಡಿ ಅದೇ, ಇಂಜಿನ್ ಮಾತ್ರ ಬೇರೆ ಕಣೇ. ನಿಂಗ್ಯಾಕೆ ಅಷ್ಟು ಸ್ಪೀಡು. ಸತ್ತೋರಿಗೇನು ಅರ್ಜೆಂಟಾ?" ತನ್ನ ಮಾತಿಗೆ ತಾನೇ ನಕ್ಕು, ಅವಳು ನಗದಿದ್ದುದನ್ನು ಗಮನಿಸದೆ ಮೆಟ್ಟಿಲಿಳಿದು ಹೋಗಿದ್ದ. ಅವಳಿಗೆ ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ. ಅದನ್ನು ಗಂಡನ ಹತ್ತಿರ ಕೇಳಿದ್ದರೆ ಹಣೆಗೆ ಕೈ ಇಟ್ಟು ಜ್ವರ ನೋಡುತ್ತಿದ್ದ.

ತೀರಿಕೊಂಡವರಿಗೆ ಕಣ್ಣು ತೆರೆಸುವುದು ಚೇತನಾಳ ಕೆಲಸ. ಹಾಗೆಂದರೆ ಹೊಸಬರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ಆದರೆ ಅದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ. ಬ್ಯಾಡರಹಳ್ಳಿಯಲ್ಲಿ ಹನುಮಯ್ಯನವರದ್ದು ಫೋಟೋಗೆ ಕಟ್ಟು ಹಾಕುವ ಅಂಗಡಿ. ದೇವರ ಪಟಗಳ ಪಕ್ಕದಲ್ಲೇ ಸತ್ತವರ ಪಟಗಳೂ ಅಲ್ಲಿ ಗೋಡೆಗೆ ಒರಗಿ ನಿಂತಿರುತ್ತವೆ. ಬದುಕಿದ್ದಾಗ ಒಂದು ನೆಟ್ಟಗಿನ ಫೋಟೋ ತೆಗೆಸಿಕೊಳ್ಳದ ಮುದುಕ ಮುದುಕಿಯರು ಎಷ್ಟೋ ಜನ. ಕೊನೆಗೆ ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಹಣೆಗೆ ವಿಭೂತಿಯೋ ಕುಂಕುಮವೋ ಇಟ್ಟು, ಯಾರದೋ ಮೊಬೈಲಿನಲ್ಲಿ ತೆಗೆದ ಒಂದೇ ಫೋಟೋ ಮನೆಯವರ ಕೈಯಲ್ಲಿ ಉಳಿಯುತ್ತದೆ. ಕಣ್ಣು ಮುಚ್ಚಿದ ಮುಖವನ್ನು ಗೋಡೆಗೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಹನುಮಯ್ಯ ಅದನ್ನು ವಾಟ್ಸಾಪಿನಲ್ಲಿ ಕಳಿಸಿ ಫೋನು ಮಾಡುತ್ತಾರೆ. "ಕಾರ್ಯಕ್ಕೆ ಮುಂಚೆ ಬೇಕಂತೆ ಕಣಮ್ಮ, ಕಣ್ಣು ತೆರೆಸ್ಬಿಡು." ಅವಳು ಟ್ಯಾಬ್ಲೆಟ್ಟಿನಲ್ಲಿ ಗಲ್ಲಕ್ಕೆ ಕಟ್ಟಿದ ಬಟ್ಟೆ ಅಳಿಸುತ್ತಾಳೆ, ಮೂಗಿನ ಹತ್ತಿ ತೆಗೆಯುತ್ತಾಳೆ, ಹಿಂದೆ ನೀಲಿ ಬಣ್ಣ ತುಂಬುತ್ತಾಳೆ, ಕೊನೆಗೆ ಕಣ್ಣು ಇಡುತ್ತಾಳೆ.

ಮೊದಮೊದಲು ಕಣ್ಣನ್ನು ಅವಳೇ ಬರೆಯುತ್ತಿದ್ದಳು. ಅವು ಗೌರಿಹಬ್ಬದ ಗೊಂಬೆಯ ಕಣ್ಣಿನಂತೆ ದುಂಡಗೆ ಬೆಪ್ಪಾಗಿ ಬರುತ್ತಿದ್ದವು. ಮನೆಯವರು ನೋಡಿ ಬಾಯಿಬಿಟ್ಟು ಏನೂ ಹೇಳದಿದ್ದರೂ ಮುಖ ಸಪ್ಪಗೆ ಮಾಡಿಕೊಂಡು ಹೋಗುತ್ತಿದ್ದರು. ಒಂದು ದಿನ ಮನೆಯ ಫೋಟೋಗಳನ್ನು ತಿರುವಿಹಾಕುವಾಗ ಅತ್ತೆ ಮುನಿತಾಯಮ್ಮನ ಫೋಟೋ ಸಿಕ್ಕಿತು. ಶ್ರೀಗಂಧದ ಕಾವಲಿನ ಈ ಮನೆಯ ಗೃಹಪ್ರವೇಶದ ದಿನ ತೆಗೆದದ್ದು. ಹೊಸಿಲಿನ ಹತ್ತಿರ ನಿಂತು, ಬೆಳಗಿನ ಬೆಳಕು ಮುಖದ ಮೇಲೆ ನೇರ ಬಿದ್ದು, ಅತ್ತೆ ಕ್ಯಾಮೆರಾವನ್ನು ನೆಟ್ಟ ಕಣ್ಣಿನಿಂದ ನೋಡಿದ್ದರು. ಅದು ಚೇತನಾಳಿಗೆ ಚೆನ್ನಾಗಿ ಗೊತ್ತಿದ್ದ ನೋಟ. ಮದುವೆಯಾಗಿ ಬಂದ ಹೊಸದರಲ್ಲಿ ಬಾಣಲೆಗೆ ಎಣ್ಣೆ ಬಗ್ಗಿಸುವಾಗ ಬೆನ್ನಿಗೆ ತಾಗುತ್ತಿದ್ದ ನೋಟ, ಸಂಜೆ ಬಸ್ಸು ತಪ್ಪಿ ತಡವಾಗಿ ಬಂದರೆ ಬಾಗಿಲಲ್ಲಿ ಕಾಯುತ್ತಿದ್ದ ನೋಟ. ಅತ್ತೆ ಬಯ್ಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಬಯ್ದುಬಿಟ್ಟಿದ್ದರೇ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದ್ದುಂಟು. ಆ ಕಣ್ಣೆರಡನ್ನು ಕತ್ತರಿಸಿ ತೆಗೆದು, ಒಬ್ಬ ಮುದುಕನ ಮುಖಕ್ಕೆ ಇಟ್ಟು, ರೆಪ್ಪೆ ಸ್ವಲ್ಪ ತೆಳ್ಳಗೆ ಮಾಡಿ, ಹುಬ್ಬಿನ ಕೆಳಗೆ ನೆರಳು ಕೊಟ್ಟಳು. ಮಾರನೆಯ ದಿನ ಆ ಮನೆಯ ಮಗ ಹನುಮಯ್ಯನ ಅಂಗಡಿಯಲ್ಲೇ ಅತ್ತನಂತೆ. ಥೇಟ್ ನಮ್ಮಪ್ಪನೇ ನೋಡ್ದಂಗಿದೆ ಅಂದನಂತೆ. ಅಲ್ಲಿಂದಾಚೆಗೆ ಗಂಡಸಾಗಲಿ ಹೆಂಗಸಾಗಲಿ ಎಲ್ಲರಿಗೂ ಅದೇ ಕಣ್ಣು. ಎಲ್ಲ ಮನೆಯವರೂ ಅದನ್ನೇ ಹೇಳಿದರು, ನಮ್ಮಪ್ಪನ ಹಾಗೇ, ನಮ್ಮಜ್ಜಿಯ ಹಾಗೇ. ಹಿರಿಯರೆಲ್ಲ ಹೀಗೇ ನೋಡುತ್ತಾರೋ, ಅಥವಾ ಸತ್ತವರು ತಮ್ಮನ್ನು ಹೀಗೇ ನೋಡುತ್ತಿರಬೇಕೆಂದು ಇದ್ದವರಿಗೆ ಒಳಗೊಳಗೇ ಗೊತ್ತೋ, ಯಾರಿಗೆ ಗೊತ್ತು. ಅತ್ತೆಗೆ ಮಾತ್ರ ಅವಳು ಹೇಳಲಿಲ್ಲ. ಸತ್ತವರ ಮುಖಕ್ಕೆ ನಿಮ್ಮ ಕಣ್ಣು ಇಡುತ್ತೇನೆ ಎಂದು ಯಾವ ಸೊಸೆ ಯಾವ ಬಾಯಲ್ಲಿ ಹೇಳಿಯಾಳು.

ಹಳೆಯ ಟ್ಯಾಬ್ಲೆಟ್ ನಿಧಾನವಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಪೆನ್ನು ಎಳೆದರೆ ಗೆರೆ ಹಿಂದಿನಿಂದ ಬರುತ್ತಿತ್ತು, ಒಲ್ಲದ ಮಗುವನ್ನು ಕೈಹಿಡಿದು ಸ್ಕೂಲಿಗೆ ಎಳೆದೊಯ್ದ ಹಾಗೆ. ಫೈಲು ತೆರೆದರೆ ಬಿಳಿ ಹಾಳೆಯೊಂದು ಬಂದು, ಅದರ ಮೇಲೆ ಚಕ್ರ ತಿರುಗುತ್ತ ನಿಂತುಬಿಡುತ್ತಿತ್ತು. ಆಮೇಲೆ ಮುಖ ಬರಬೇಕಲ್ಲ, ಮೊದಲು ಬರುತ್ತಿದ್ದದ್ದು ಕಣ್ಣು. ಎಲ್ಲದರ ಮೇಲಿನ ಪದರ ಅದೇ ಆದ್ದರಿಂದ ಹಾಗಾಗುತ್ತದೆ ಎಂದು ಅವಳೇ ತನಗೆ ಸಮಾಧಾನ ಹೇಳಿಕೊಂಡಿದ್ದಳು. ಆದರೂ ಮುಖವಿಲ್ಲದ ಬಿಳಿಯ ಮೇಲೆ ಅತ್ತೆಯ ಎರಡು ಕಣ್ಣು ಮಾತ್ರ ಬಂದು ನಿಂತು, ಉಳಿದದ್ದು ಬರುವವರೆಗೆ ತನ್ನನ್ನೇ ನೋಡುವ ಆ ಹೊತ್ತಿನಲ್ಲಿ ಅವಳು ಎದ್ದು ಹೋಗಿ ಗ್ಯಾಸು ಆರಿಸಿದೆಯೋ ಇಲ್ಲವೋ ನೋಡಿ ಬರುತ್ತಿದ್ದಳು.

ಅತ್ತೆಯ ಕಣ್ಣು ಮಂಜಾಗಲು ಶುರುವಾದದ್ದು ಯಾವಾಗ ಎಂದು ಸರಿಯಾಗಿ ಹೇಳಲಾಗದು. ಮೊದಲು ಕ್ಯಾಲೆಂಡರಿನ ಅಕ್ಷರ ಹೋಯಿತು, ಆಮೇಲೆ ಸೊಪ್ಪಿನವಳ ಮುಖ, ಆಮೇಲೆ ತಾನುಟ್ಟ ಸೀರೆಯ ಬಣ್ಣ. ರಾಜಾಜಿನಗರದ ಕಣ್ಣಿನ ಡಾಕ್ಟರು ನರ ಒಣಗುತ್ತಿದೆ ಎಂದರು. ಅಕ್ಕಪಕ್ಕದ ನೋಟ ಮೊದಲು ಹೋಗುತ್ತದೆ, ಹೋದದ್ದು ವಾಪಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಎಂದು ಡ್ರಾಪ್ಸ್ ಬರೆದುಕೊಟ್ಟರು. ಅವಳು ಒಂದೊಂದು ಮುಖ ಮುಗಿಸಿ ಕಳಿಸಿದ ಮರುದಿನ ಅತ್ತೆಯ ನೋಟದಲ್ಲಿ ಒಂದೊಂದು ಕಡಿಮೆಯಾಗುತ್ತಿದೆಯೋ ಎಂಬ ಅನುಮಾನ ಒಂದು ಬೆಳಿಗ್ಗೆ ಕಾಫಿ ಸೋಸುವಾಗ ಸುಮ್ಮನೆ ಬಂತು. ಬಂದದ್ದು ಹೋಗಲಿಲ್ಲ. ಕೂತು ತಾಳೆ ಹಾಕಿ ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ.

ಅದೇ ಸುಮಾರಿಗೆ ಅತ್ತೆ ಯಾರ ಯಾರದೋ ಮನೆಗಳ ಸುದ್ದಿ ಹೇಳತೊಡಗಿದರು. ಕಿಟಕಿಯ ಪಕ್ಕದ ದಿವಾನದ ಮೇಲೆ ಕೂತು ಬೆರಳಲ್ಲೇ ತಡವಿ ಅವರೆಕಾಯಿ ಬಿಡಿಸುತ್ತ, "ಆ ಹಸಿರು ಗೋಡೆ ಮನೇಲಿ ಗಡಿಯಾರ ನಿಂತೋಗಿದೆ ಕಣೇ, ಯಾರೂ ನೋಡ್ತಿಲ್ಲ" ಅಂದರು.

"ಯಾವ ಮನೆ ಅತ್ತೆ?"

"ಯಾವ್ದೋ. ಫ್ರಿಜ್ಜಿನ ತಲೆ ಮೇಲೆ ಇಷ್ಟಿಷ್ಟು ಧೂಳು. ಆ ಸೊಸೆ ಮುಂದ್ಗಡೆ ಒರೆಸ್ತಾಳೆ, ಮೇಲೆ ಕೈ ಹಾಕಲ್ಲ." ಸ್ವಲ್ಪ ತಡೆದು, "ಎಲ್ಲ ಮೇಲಿಂದ ಕಾಣತ್ತೆ. ತಲೆಗಳೇ ಜಾಸ್ತಿ. ಎರಡು ಕಡೆನೂ ಏನೋ ಅಡ್ಡ, ಹೂವಿನ ಥರ" ಎಂದರು.

ವಯಸ್ಸಾಯಿತಲ್ಲ, ಸೀರಿಯಲ್ ಕೇಳಿ ಕೇಳಿ ಕನಸು ಬೀಳುತ್ತೆ ಅಂದ ಮಹೇಶ. ಚೇತನಾಳೂ ಹಾಗೇ ಅಂದುಕೊಳ್ಳುತ್ತಿದ್ದಳೇನೋ. ಆದರೆ ಹೋದ ತಿಂಗಳು ಹನುಮಯ್ಯ, ಬ್ಯಾಡರಹಳ್ಳಿಯ ಒಂದು ಮನೆಯಲ್ಲಿ ಹಳೆಯ ಫೋಟೋಗೆ ತೇವ ಇಳಿದಿದೆಯಂತೆ, ಸ್ವಲ್ಪ ನೋಡಿಕೊಂಡು ಬಾಮ್ಮ ಎಂದು ಕಳಿಸಿದರು. ತಾನು ಕಣ್ಣು ತೆರೆಸಿದ ಒಬ್ಬರ ಮನೆಯೊಳಗೂ ಅವಳು ಅಲ್ಲಿಯವರೆಗೆ ಕಾಲಿಟ್ಟಿರಲಿಲ್ಲ. ಗೋಡೆ ಹಸಿರಾಗಿತ್ತು. ಎಷ್ಟೋ ಮನೆಯ ಗೋಡೆ ಹಸಿರಾಗಿರುತ್ತದೆ ಎಂದುಕೊಂಡು ಗಡಿಯಾರ ನೋಡಿದಳು, ನಿಂತಿತ್ತು. ಬಾಗಿಲ ಮೇಲುಗಡೆ, ಪ್ಲಾಸ್ಟಿಕ್ ಹಾರದ ನಡುವೆ, ಆ ಮನೆಯ ಹಿರಿಯರು ಅತ್ತೆಯ ಕಣ್ಣಿನಿಂದ ಅವಳನ್ನು ನೋಡುತ್ತಿದ್ದರು. ಅವಳ ಕೈ ತಾನಾಗಿಯೇ ಹೋಗಿ ಸೆರಗು ಸರಿಮಾಡಿಕೊಂಡಿತು. ಸೊಸೆ ನೀರು ತರಲು ಒಳಗೆ ಹೋದಾಗ ತುದಿಗಾಲಲ್ಲಿ ನಿಂತು ಫ್ರಿಜ್ಜಿನ ಮೇಲೆ ಬೆರಳು ಎಳೆದಳು. ಬೆರಳು ಬೂದಿಯಲ್ಲಿ ಅದ್ದಿದಂತೆ ಬಂತು. "ಏನಕ್ಕಾ ಹುಡುಕ್ತಿದೀರಾ?" ಎಂದು ಹಿಂದಿನಿಂದ ಆ ಹುಡುಗಿ ಕೇಳಿದಾಗ ಚೇತನಾಳಿಗೆ ನಾಚಿಕೆಯಿಂದ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಏನೂ ಇಲ್ಲ ಎಂದು, ಬೆರಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು, ನೀರು ಕುಡಿದು ಬಂದಳು. ಅವತ್ತಿನಿಂದ ಅವಳು ಯಾರಿಗೂ ಕಣ್ಣು ಇಟ್ಟಿಲ್ಲ. ಹುಷಾರಿಲ್ಲ, ಟ್ಯಾಬ್ಲೆಟ್ ನಿಂತುಹೋಗಿದೆ ಎಂದು ಏನೇನೋ ಹೇಳಿ ಹನುಮಯ್ಯನನ್ನು ಸಾಗಹಾಕುತ್ತಿದ್ದಾಳೆ.

"ಹೊಸದ್ರಲ್ಲಿ ಕಣ್ಣು ತೆರೆಯೋದು ಇದ್ಯಂತಲ್ಲ," ಎಂದಳು ಶ್ರೀಶೈಲನಿಗೆ. ಧ್ವನಿ ಸಹಜವಾಗಿರಲಿ ಎಂದು ಪೆನ್ನನ್ನು ತಿರುಗಿಸುತ್ತ ಕೇಳಿದಳು.

"ಐತ್ರಿ. ಗ್ರೂಪ್ ಫೋಟೋದಾಗ ಯಾರರ ಕಣ್ಣ ಮುಚ್ಚಿದ್ರ ತಾನ ತೆಗಿತೈತಿ. ಹಳೇದರಾಗ ಅದು ಆಗಂಗಿಲ್ರಿ, ಅದಕ್ಕ ಈ ಚಿಪ್ ಬೇಕು. ಫೋಟೋ ಐತೇನ್ರಿ, ಮಾಡಿ ತೋರಿಸ್ತೇನಿ."

ಇತ್ತು. ಬೆಳಿಗ್ಗೆಯಷ್ಟೇ ಹನುಮಯ್ಯ ಕಳಿಸಿದ್ದರು. ದೀಪಾಂಜಲಿ ನಗರದ ಮುತ್ತವ್ವ, ಮಕ್ಕಳ ಜೊತೆ ಗದಗಿನಿಂದ ದುಡಿಯಲು ಬಂದವಳು. ಬೇರೆ ಫೋಟೋ ಇಲ್ಲವೇ ಇಲ್ಲ, ಈ ಸಲ ಇಲ್ಲ ಅನ್ನಬೇಡ ಎಂದು ಹನುಮಯ್ಯ ಗೋಗರೆದಿದ್ದರು. ಕುರ್ಚಿಯಲ್ಲಿ ಕೂರಿಸಿದ ಹೆಣ ಹೊಸ ಸ್ಕ್ರೀನಿನ ಮೇಲೆ ಬಂದಾಗ ಶ್ರೀಶೈಲನ ಬೆರಳು ಗಾಳಿಯಲ್ಲೇ ನಿಂತಿತು. "ತೀರಕೊಂಡಾರೇನ್ರಿ?" ಎಂದ. ಅವಳು ಹೂಂ ಅಂದಳು. ಅವನು ಅಂಗಡಿಯ ಆಚೀಚೆ ನೋಡಿ, ಮನಸ್ಸಿಲ್ಲದ ಮನಸ್ಸಿನಿಂದ ಒತ್ತಿದ.

ಚಕ್ರ ತಿರುಗಲಿಲ್ಲ. ಬೆರಳು ಎತ್ತುವಷ್ಟರಲ್ಲಿ ಮುತ್ತವ್ವ ಕಣ್ಣು ತೆರೆದಿದ್ದಳು. ಎಲ್ಲ ಸರಿಯಾಗಿತ್ತು. ರೆಪ್ಪೆಯ ಕೂದಲು ಒಂದೊಂದೂ ಬೇರೆಬೇರೆಯಾಗಿ, ಅಂಚಿನಲ್ಲಿ ತೇವ, ಎರಡು ಕರಿಗುಡ್ಡೆಗಳಲ್ಲೂ ಬೆಳಕಿನ ಒಂದೊಂದು ಚುಕ್ಕಿ. ಚೇತನಾ ಇಷ್ಟು ವರ್ಷ ಕತ್ತು ಬಗ್ಗಿಸಿ ಕೂತು ಮಾಡಿದ್ದನ್ನೆಲ್ಲ ಯಾರೋ ನಗುನಗುತ್ತ ಮಾಡಿ ಎಸೆದಂತೆ ಆಯಿತು, ಅವಮಾನವೂ ಆಯಿತು. "ಛಲೋ ಬಂತ್ರಿ," ಎಂದ ಶ್ರೀಶೈಲ. ಬಗ್ಗಿ ನೋಡಿದ. ಒಂದು ಪಕ್ಕಕ್ಕೆ ಸರಿದ, ಇನ್ನೊಂದು ಪಕ್ಕಕ್ಕೆ ಸರಿದ. ಆಮೇಲೆ ಸಣ್ಣ ಧ್ವನಿಯಲ್ಲಿ, "ಇವರು ಯಾರನ್ನ ನೋಡಾಕತ್ತಾರ್ರಿ?" ಎಂದು ಕೇಳಿದ.

ಅವಳೂ ಸರಿದು ನೋಡಿದಳು. ಅತ್ತೆಯ ಕಣ್ಣು ಎಲ್ಲಿ ನಿಂತರೂ ಹಿಂದೆ ಬರುತ್ತಿತ್ತು. ಈ ಕಣ್ಣು ಬರಲಿಲ್ಲ. ಇದು ಯಾರನ್ನೂ ನೋಡುತ್ತಿರಲಿಲ್ಲ, ಯಾಕೆಂದರೆ ಇದು ಯಾರದ್ದೂ ಅಲ್ಲ. ಯಾರಿಂದಲೂ ಏನನ್ನೂ ತೆಗೆದುಕೊಳ್ಳದೆ ಬಂದ ಕಣ್ಣು. ಅವಳು ಹುಡುಕಿಕೊಂಡು ಬಂದದ್ದು ಇದನ್ನೇ ತಾನೆ. ಇದನ್ನು ತೆಗೆದುಕೊಂಡುಬಿಟ್ಟರೆ ಇನ್ನು ಮುಂದೆ ಅತ್ತೆಯ ಕಣ್ಣಿಗೆ ಕೈ ಹಾಕಬೇಕಾಗಿಲ್ಲ, ಅವರಿಗೆ ಉಳಿದಿರುವ ಒಂದಿಷ್ಟು ಬೆಳಕಾದರೂ ಉಳಿಯುತ್ತದೆ. ಸಂತೋಷವಾಗಬೇಕಿತ್ತು. ಅಂಗಡಿಯ ಏಸಿಗೆ ಅವಳ ತೋಳು ಜುಮ್ಮೆಂದಿತು. ಮುತ್ತವ್ವನ ಮಕ್ಕಳು ಈ ಪಟದ ಕೆಳಗೆ ಅನ್ನ ಇಟ್ಟು ಕೈಮುಗಿದು ನಿಂತದ್ದು ಕಣ್ಣಿಗೆ ಕಟ್ಟಿತು. ಮುತ್ತವ್ವ ಅವರನ್ನು ದಾಟಿ ಎಲ್ಲೋ ನೋಡುತ್ತಾಳೆ, ಎಂದೆಂದಿಗೂ.

"ಹಳೇದನ್ನ ಎಕ್ಸ್‌ಚೇಂಜಿಗೆ ಕೊಡ್ತೀರಲ್ರಿ? ಅದರಾಗಿಂದೆಲ್ಲಾ ಪೂರ್ತಿ ಅಳಸಬೇಕಾಗತೈತಿ. ಏನರ ಬೇಕಾದ್ದಿದ್ರ ಮೊದಲ ತಕ್ಕೋರಿ."

ಅಳಿಸಿದರೆ ಏನಾಗುತ್ತದೆ ಎಂದು ಅವಳು ಯೋಚಿಸಿರಲಿಲ್ಲ. ಕಣ್ಣೆರಡೂ ಅತ್ತೆಗೆ ವಾಪಸು ಬರುತ್ತವೆಯೋ, ಅಥವಾ ಹಸಿರು ಗೋಡೆ, ಗಡಿಯಾರ, ಧೂಳು ತುಂಬಿದ ಫ್ರಿಜ್ಜು, ಅವರು ದಿನವಿಡೀ ನೋಡಿ ನೋಡಿ ಹೇಳುವ ಎಲ್ಲ ಮನೆಗಳೂ ಒಟ್ಟಿಗೇ ಕತ್ತಲಾಗುತ್ತವೆಯೋ. ಇಂಥದ್ದಕ್ಕೆ ಉತ್ತರ ಹೇಳುವವರು ವಿಜಯನಗರದಲ್ಲಿ ಯಾರಿದ್ದಾರೆ. ಸಂಜೆಯೊಳಗೆ ಫೋನು ಮಾಡುತ್ತೇನೆ ಎಂದು ಹೇಳಿ ಹಳೆಯದನ್ನು ಚೀಲಕ್ಕೆ ಹಾಕಿಕೊಂಡು ಹೊರಬಂದಳು. ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕಾರ್ಡ್ ಕೇಳಿದಾಗ ತೆಗೆದು ಕೊಟ್ಟಳು. ಅದರಲ್ಲಿದ್ದ ತನ್ನ ಫೋಟೋ ಕಡೆಗೆ ಕಣ್ಣು ಹೋಯಿತು. ಯಾರು ನೋಡಿದರೂ ತಾನೆಂದು ಹೇಳುವ ಹಾಗಿರಲಿಲ್ಲ. ನನ್ನದೂ ಒಂದು ನೆಟ್ಟಗಿನ ಫೋಟೋ ಇಲ್ಲ ಎಂದುಕೊಂಡಳು.

ಮನೆಗೆ ಬಂದಾಗ ಅತ್ತೆ ದಿವಾನದ ಮೇಲೇ ಇದ್ದರು. ಪಕ್ಕದ ಸ್ಟೂಲಿನ ಮೇಲೆ ಅವರ ಹಿತ್ತಾಳೆ ಲೋಟ, ಯಾವಾಗಲೂ ಇರುವ ಜಾಗದಲ್ಲಿ. ಅದರ ಅಂಚಿನ ಹೊಳಪೊಂದು ಅವರಿಗೆ ಇನ್ನೂ ಕಾಣುತ್ತಿತ್ತು, ಅದರ ಮೇಲೆ ನೆಟ್ಟು ಕೈ ಚಾಚಿ ಎತ್ತಿಕೊಳ್ಳುತ್ತಿದ್ದರು. ಅದಕ್ಕೇ ಚೇತನಾ ಅದನ್ನು ದಿನಾ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು.

"ತಂದ್ಯಾ?" ಎಂದರು.

"ಇಲ್ಲ ಅತ್ತೆ. ಸಂಜೆ ಹೇಳ್ತೀನಿ ಅಂದಿದೀನಿ."

"ಏನಂತೆ ಅದರ ಹೆಚ್ಚುಗಾರಿಕೆ?"

"ಬೇಗ ಆಗತ್ತಂತೆ."

"ಕಣ್ಣು ಅದೇ ಇಟ್ಟುಬಿಡತ್ತಾ?"

ಚೇತನಾ ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತಳು. ಅತ್ತೆಯ ಮುಂದೆ ಕಣ್ಣಿನ ಮಾತನ್ನು ಅವಳು ಒಂದು ದಿನವೂ ಆಡಿದವಳಲ್ಲ. ಫೋಟೋ ತಿದ್ದುವ ಕೆಲಸ ಅಂತಷ್ಟೇ ಅತ್ತೆಗೆ ಹೇಳಿದ್ದು.

"ಯಾರು ಹೇಳಿದ್ರು ನಿಮಗೆ?"

"ಹೇಳ್ಬೇಕೇನೇ? ಇಷ್ಟು ದಿನ ಆಗಾಗ ಒಂದು ಹೊಸ ಮನೆ ಬರ್ತಿತ್ತು. ಈಗ ಬರ್ತಾನೇ ಇಲ್ಲ. ಅವ್ರೇ ಹಳಬರು. ಆ ಗಡಿಯಾರಕ್ಕೆ ಇವತ್ತೂ ಸೆಲ್ ಹಾಕಿಲ್ಲ."

ಅವಳು ಹೋಗಿ ದಿವಾನದ ಪಕ್ಕದಲ್ಲಿ ನೆಲದ ಮೇಲೆ ಕೂತಳು. "ನಿಮ್ಮನ್ನ ಒಂದು ಮಾತೂ ಕೇಳದೆ ತಗೊಂಡೆ ಅತ್ತೆ" ಎಂದಳು.

"ಕೇಳಿದ್ರೆ ಎಲ್ಲಿ ಕೊಡ್ತಿದ್ದೆ. ಬಿಲ್ಕುಲ್ ಬೇಡ ಅಂತಿದ್ದೆ." ಅತ್ತೆ ಅವರೆಕಾಯಿಯ ಸಿಪ್ಪೆಯನ್ನು ಮಡಿಲಿಂದ ಕೊಡವಿದರು. "ಹಂಗಂದಿದ್ರೆ ಇಲ್ಲಿ ಕೂತ್ಕೊಂಡು ಏನು ನೋಡ್ತಿದ್ದೆ ನಾನು, ಈ ಕಿಟಕೀನಾ?"

"ಇನ್ನು ತಗೊಳ್ಳಲ್ಲ. ಆ ಹೊಸದು ಬಂದ್ರೆ ನಿಮ್ಮದು ಬೇಕಾಗಲ್ಲ. ಇರೋದಾದ್ರೂ ಉಳಿಯತ್ತೆ."

"ಏನು ಇರೋದು? ಬೆಳಕು ಬಂತು, ಬೆಳಕು ಹೋಯ್ತು. ಇನ್ನೊಂದು ಈ ಲೋಟ. ಇಷ್ಟನ್ನ ಉಳಿಸ್ಕೊಂಡು ಯಾವ ಊರಿಗೆ ಹೊತ್ಕೊಂಡು ಹೋಗ್ಲಿ."

ಕೆಳಗೆ ರಸ್ತೆಯಲ್ಲಿ ನೀರಿನ ಟ್ಯಾಂಕರ್ ಬಂದು ನಿಂತ ಸದ್ದು, ಯಾರೋ ಪೈಪು ಎಳೆಯಿರಿ ಎಂದು ಕೂಗಿದ್ದು ಕೇಳಿಸಿತು. ಅತ್ತೆ ಲೋಟ ಎತ್ತಿ ಒಂದು ಗುಟುಕು ಕುಡಿದು ಇಟ್ಟರು. ಆಮೇಲೆ ಅವರು ಮಾತಾಡಿದ ಧ್ವನಿ ಚೇತನಾಳಿಗೆ ಹೊಸದು. ಇಷ್ಟು ವರ್ಷದಲ್ಲಿ ಅತ್ತೆ ಅವಳಿಂದ ಏನನ್ನೂ ಬೇಡಿದವರಲ್ಲ.

"ಊರೋರ ಮನೆಯೆಲ್ಲ ಕಾಣತ್ತೆ ಕಣೇ. ಯಾರ ಮನೆ ಹುಡುಗ ಓದಲ್ಲ, ಯಾರು ಬಚ್ಚಲಲ್ಲಿ ಅಳ್ತಾಳೆ, ಎಲ್ಲಾ. ನಮ್ಮನೆ ಒಂದು ಕಾಣಲ್ಲ. ನಿನ್ನ ಮುಖ ನೋಡಿ ಎಷ್ಟು ಕಾಲ ಆಯ್ತು. ಹೆಂಗಿದೀಯ ಅಂತಾನೇ ಮರ್ತೋಯ್ತು. ಗೋಡೆ ಮೇಲೆ ನಿಮ್ಮಾವ ಏನೋ ಇದಾರೆ, ಆ ಕರೀ ಕನ್ನಡಕ ಹಾಕ್ಕೊಂಡು. ಬದುಕಿದ್ದಾಗ್ಲೂ ಮನೇಲಿ ಏನು ನಡೀತಿದೆ ಅಂತ ನೋಡ್ಲಿಲ್ಲ, ಈಗ್ಲೂ ಇಲ್ಲ."

ಚೇತನಾ ತಲೆಯೆತ್ತಿದಳು. ನಡುಮನೆಯ ಶೋಕೇಸಿನ ಮೇಲುಗಡೆ ಮಾವನ ಫೋಟೋ. ಪೊರೆ ತೆಗೆಸಿಕೊಂಡ ಮೇಲೆ ಕೊಟ್ಟ ಕಪ್ಪು ಕನ್ನಡಕದಲ್ಲೇ ತೆಗೆಸಿದ್ದು, ಅದೊಂದೇ ಚೆನ್ನಾಗಿ ಬಂದಿತ್ತೆಂದು ಅದನ್ನೇ ಕಟ್ಟು ಹಾಕಿಸಿದ್ದರು. ಅತ್ತೆ ಏನು ಕೇಳುತ್ತಿದ್ದಾರೆಂದು ಅರ್ಥವಾಗಲು ಅವಳಿಗೆ ತಡವಾಗಲಿಲ್ಲ. ಮಾವನ ಪಟಕ್ಕೆ ಆ ಕಣ್ಣು ಕೊಟ್ಟರೆ ಈ ಲೋಟದ ಅಂಚು ಹೋಗುತ್ತದೆ, ಬೆಳಗು ಬೈಗು ಹೋಗುತ್ತದೆ. ಹಾಗಾಗುವುದೋ ಇಲ್ಲವೋ ಗೊತ್ತಿಲ್ಲ ಎಂದು ಹೇಳಿಕೊಳ್ಳುವ ಧೈರ್ಯವೂ ಅವಳಿಗಿರಲಿಲ್ಲ.

"ಪೂರ್ತಿ ಹೋಗ್ಬಿಟ್ರೆ ಅತ್ತೆ?"

"ನೀನಿರ್ತೀಯಲ್ಲ," ಎಂದರು ಮುನಿತಾಯಮ್ಮ.

ಅವಳು ಎದ್ದು ಶ್ರೀಶೈಲನಿಗೆ ಫೋನು ಮಾಡಿದಳು. ಹೊಸದು ಬೇಡ ಅಣ್ಣ, ಹಳೇದೇ ಇರಲಿ ಅಂದಳು. ಅವನಿಗೆ ಬೇಸರವಾದಂತೆ ಕಾಣಲಿಲ್ಲ. "ಆತ್ರಿ. ಆ ಅಮ್ಮಾರ ಫೋಟೋ ಇಲ್ಲೇ ಉಳದೈತಿ ನೋಡ್ರಿ. ಬಂದೋರೆಲ್ಲಾ ಇವರು ಏನ ನೋಡಾಕತ್ತಾರ ಅಂತ ಕೇಳಾಕತ್ತಾರ. ತೆಗೀಲ್ಯಾ?" ಎಂದ. ತೆಗೆದುಬಿಡಿ ಎಂದಳು. ಮುತ್ತವ್ವನಿಗೆ ಕಣ್ಣು ಬೇಕಲ್ಲ, ಅದಕ್ಕೇನು ಮಾಡುವುದೆಂದು ಯೋಚಿಸುವ ಮೊದಲೇ ಮನಸ್ಸಿನಲ್ಲಿ ಉತ್ತರವಿತ್ತು. ನಾಳೆ ಬೆಳಿಗ್ಗೆ ಹೊಸಿಲಿನ ಹತ್ತಿರ ನಿಂತು, ಬೆಳಕಿಗೆ ಮುಖ ಕೊಟ್ಟು, ತನ್ನದೇ ಒಂದು ಫೋಟೋ ತೆಗೆದುಕೊಂಡರಾಯಿತು. ಅತ್ತೆ ನೋಡುವ ಹಾಗೆ ನೋಡಲು ತನಗೂ ಬರುತ್ತದೆ. ದೀಪಾಂಜಲಿ ನಗರದ ಎಷ್ಟೋ ಮನೆಗಳಿಗೆ ಮೆಟ್ರೋ ಹೋಗುವುದು ಕಾಣುತ್ತದಂತೆ. ಮುತ್ತವ್ವನ ಗೋಡೆಯಿಂದ ತನಗೂ ಅದು ಕಂಡೀತು ಎಂದು, ಹೆದರಿಕೆಯ ಕೆಳಗೆ ಸಣ್ಣದೊಂದು ಆಸೆಯೂ ಇದ್ದದ್ದು ಅವಳಿಗೇ ಆಶ್ಚರ್ಯ.

ಮಾವನ ಫೋಟೋ ತಿದ್ದಲು ಕೂತಾಗ ಹೊತ್ತು ಪಡುವಣಕ್ಕೆ ವಾಲಿತ್ತು. ಕನ್ನಡಕ ಅಳಿಸಿದಳು, ಕೆನ್ನೆಯ ಚರ್ಮ ತಂದು ಖಾಲಿ ಜಾಗಕ್ಕೆ ಹಚ್ಚಿದಳು. ಗೆರೆ ಎಂದಿನಂತೆ ಪೆನ್ನಿನ ಹಿಂದೆ ಹಿಂದೆ ಬಂತು, ಅವಳೂ ಅವಸರ ಮಾಡಲಿಲ್ಲ. ಕೊನೆಗೆ ಕಣ್ಣು ತಂದು ಇಟ್ಟಳು. ಅಷ್ಟಕ್ಕೆ ಟ್ಯಾಬ್ಲೆಟ್ ನಿಂತುಹೋಯಿತು. ಆರಿಸಿ ಮತ್ತೆ ಹಚ್ಚಿ, ಶೋಕೇಸಿನ ಮೇಲೆ, ಮಾವನ ಪಟದ ಕೆಳಗೆ, ಗೋಡೆಗೆ ಒರಗಿಸಿ ನಿಲ್ಲಿಸಿ ಎರಡು ಹೆಜ್ಜೆ ಹಿಂದೆ ಬಂದಳು. ಬಿಳಿ ಹಾಳೆ ಬಂತು. ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಹೊಸದಾಗಿದ್ದರೆ ಇಷ್ಟರಲ್ಲಿ ಎಲ್ಲ ಮುಗಿದುಹೋಗಿರುತ್ತಿತ್ತು. ಆಮೇಲೆ ಬಿಳಿಯ ಮೇಲೆ ಎರಡೇ ಎರಡು ಕಣ್ಣು ಬಂದು ನಿಂತವು. ಈ ಸಲ ಅವಳು ಗ್ಯಾಸು ನೋಡಲು ಹೋಗಲಿಲ್ಲ. ಸೆರಗು ಸರಿಮಾಡಿಕೊಂಡು, ಮುಖ ಎತ್ತಿ, ನೋಡಿಸಿಕೊಳ್ಳುತ್ತ ನಿಂತಳು.

"ಎಷ್ಟು ಬಡವಾಗಿದೀಯೇ ಚೇತನಾ," ಎಂದರು ಅತ್ತೆ, ಅವಳ ಬೆನ್ನ ಹಿಂದಿನಿಂದ. "ಕಣ್ಣ ಕೆಳಗೆಲ್ಲ ಕಪ್ಪು. ಬೈತಲೆ ಹತ್ರ ಯಾವಾಗ ಬೆಳ್ಳಗಾಯ್ತು? ಹೊತ್ತೊತ್ತಿಗೆ ಊಟ ಮಾಡ್ತೀಯೋ ಇಲ್ವೋ."

ಅವಳಿಗೆ ಅಳು ಬಂತು. ಈ ಮಾತನ್ನು ಕೇಳಲು ಇಷ್ಟು ವರ್ಷ ಕಾದಿದ್ದೆ ಎಂದು ಆಗಲೇ ಗೊತ್ತಾದದ್ದು. "ಮಾಡ್ತೀನಿ ಅತ್ತೆ," ಎನ್ನುತ್ತ ತಿರುಗಿದಳು.

ಅತ್ತೆಯ ಮುಖ ಕಿಟಕಿಯ ಕಡೆಗಿತ್ತು. ಇಳಿಬಿಸಿಲು ತೆರೆದ ಕಣ್ಣಿನ ಮೇಲೆ ನೇರವಾಗಿ ಬೀಳುತ್ತಿತ್ತು, ಅವು ಮಿಟುಕುತ್ತಿರಲಿಲ್ಲ. ತುಟಿಯ ಮೇಲೆ ಒಂದು ಸಣ್ಣ ನಗು ಇತ್ತು. ಸ್ಟೂಲಿನ ಮೇಲೆ, ದಿನಾ ಇರುವ ಜಾಗದಲ್ಲೇ ಹೊಳೆಯುತ್ತಿದ್ದ ಲೋಟವನ್ನು ಅವರ ಕೈ ಹುಡುಕುತ್ತಿತ್ತು.